ಗೋಡೆಗೆ ಮುಖ ಮಾಡಿದ ಚಿತ್ರ

ನವೆಂಬರ್ 5, ಮಂಗಳವಾರ

ಒಬ್ಬ ಬಸುರಿಯ ಚಿತ್ರ ಹೇಗಿರಬೇಕು ಎಂದು ತೀರ್ಮಾನಿಸಲು ಇವತ್ತು ಇಡೀ ಬೆಳಗ್ಗೆ ಮೀಟಿಂಗು. ಬೇರೆ ಕೆಲಸವಿಲ್ಲ ಜನಕ್ಕೆ.

ವಿಷಯ ಮಾತ್ರ ಸಣ್ಣದಲ್ಲ. ಬಸುರಿಯರಿಗೆ ಬಿ.ಪಿ. ಏರಿದರೆ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಮುಖ ಕೈ ಬಾತುಕೊಳ್ಳುತ್ತವೆ. ಹಾಗಾದ ಕೂಡಲೇ ಆಸ್ಪತ್ರೆಗೆ ಬರಬೇಕು. ತಡ ಮಾಡಿದರೆ ಫಿಟ್ಸ್ ಬಂದು ತಾಯಿಯೂ ಹೋಗಬಹುದು, ಮಗುವೂ ಹೋಗಬಹುದು. ಇದಿಷ್ಟನ್ನು ಓದು ಬಾರದ ಹೆಣ್ಣುಮಕ್ಕಳಿಗೆ ಒಂದು ಕಾರ್ಡಿನ ಮೇಲೆ ಚಿತ್ರದಲ್ಲೇ ಹೇಳಬೇಕು. ಕುಷಾಯಿಗೂಡದ ನಮ್ಮ ಟ್ರಸ್ಟ್ ಕ್ಲಿನಿಕ್ಕಿನಲ್ಲಿ ಆ ಕೆಲಸ ನನ್ನದು. ಕಾರ್ಡನ್ನು ಅವರು ಮನೆಯ ಗೋಡೆಗೆ ಹಾಕಿಕೊಂಡು ದಿನಾ ನೋಡಬೇಕು ಅನ್ನುವುದು ಲೆಕ್ಕಾಚಾರ.

ಡಾಕ್ಟರ್ ಮಾನಸಾ ಮಂಗಳೂರಿನ ಹುಡುಗಿ, ನನ್ನ ಅರ್ಧ ವಯಸ್ಸಿನವಳು. “ಕುಮುದಾ ಮೇಡಂ, ಕುಂಕುಮ, ತಾಳಿ ಅದೆಲ್ಲ ಬೇಡ ಮಾರಾಯ್ರೆ. ಎಲ್ಲಾ ಧರ್ಮದವರೂ ಬರ್ತಾರಲ್ಲ ನಮ್ಮಲ್ಲಿಗೆ. ಯಾವ ಗುರುತೂ ಇಲ್ಲದ ಹೆಂಗಸು ಸಾಕು” ಅಂದಳು. ಆಗಲಿ ತಾಯಿ ಅಂದೆ.

ಮಲ್ಕಾಜ್‌ಗಿರಿಯ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತೆ. ಕುತ್ತಿಗೆ, ಭುಜ ಸರಿಯಾಗಿ ಬರಲಿಲ್ಲ. ಕನ್ನಡಿ ತಂದಿಟ್ಟು ನನ್ನದನ್ನೇ ನೋಡಿ ಬರೆದೆ. ಪುಕ್ಕಟೆ ಮಾಡೆಲ್ಲು. ಆಮೇಲೆ ಒಂದೇ ಏಟಿಗೆ ಮುಗಿಯಿತು. ನನ್ನ ಗಂಡ ಪದ್ಮನಾಭ ಇದ್ದಿದ್ದರೆ “ಟೈಮಿಗೆ ಸರಿಯಾಗಿ ಬಂತಲ್ಲೇ ನಿನ್ನ ರೈಲು” ಅನ್ನುತ್ತಿದ್ದ. ರೈಲ್ವೆಯವನಿಗೆ ಅದೊಂದೇ ತಮಾಷೆ. ಜುಲೈ ಮಳೆಯಲ್ಲಿ ಹೋದ, ಅವನ ಕುರ್ಚಿ ಇನ್ನೂ ಟೀವಿಯ ಎದುರಿಗೇ ಇದೆ. ಬಳೆಗಳನ್ನು ಆಗಲೇ ತೆಗೆದಿಟ್ಟೆ. ಬರೆಯುವಾಗ ತಾಗಿ ಶಾಯಿ ಒರೆಸಿಹೋಗುತ್ತದೆ, ಅದಕ್ಕೆ.

ನವೆಂಬರ್ 8, ಶುಕ್ರವಾರ

ಚಿತ್ರ ಹಿಡಿದು ಹೆಂಗಸರ ಮುಂದೆ ಕೂತು, ಇದರಲ್ಲಿ ಏನು ಕಾಣುತ್ತದೆ ಎಂದು ಕೇಳುವುದೇ ನಮ್ಮ ಪರೀಕ್ಷೆ. ಹೇಳಿಕೊಡುವ ಹಾಗಿಲ್ಲ. ತಲೆ ಸಿಡಿಯುವುದನ್ನು ತೋರಿಸಲು ನಾನು ಹಾಕಿದ್ದ ಗೆರೆಗಳನ್ನು ನೋಡಿ ಒಬ್ಬಳು ತೆಲುಗಿನಲ್ಲಿ, ಪಾಪ, ಇವಳಿಗೆ ನೊಣ ಮುತ್ತಿಕೊಂಡಿವೆ ಅಂದಳು. ಗೆರೆ ಅಳಿಸಿ ಹಣೆ ಒತ್ತಿ ಹಿಡಿದ ಕೈ ಬರೆದೆ. ಈಗ ಎಲ್ಲರಿಗೂ ತಿಳಿಯುತ್ತದೆ.

ಈ ತೆಲುಗು ಊರಿನಲ್ಲಿ ಕನ್ನಡದವರು ಬಂದರೆ ನನ್ನ ಕಡೆಗೇ ಅಟ್ಟುತ್ತಾರೆ. ಇವತ್ತು ಲಿಂಗಸುಗೂರು ಕಡೆಯ ಒಂದು ಮನೆಯವರು. ಸೊಸೆ ರೇಣುಕಾ, ಚೊಚ್ಚಲು, ಏಳು ತುಂಬಿದೆ. ಬಿ.ಪಿ. ಏರುಮುಖದಲ್ಲಿದೆ ಎಂದು ಮಾನಸಾ ಹುಬ್ಬು ಗಂಟಿಕ್ಕಿದಳು. ಗಂಡ ಚನ್ನು ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಜೊತೆಗೆ ಬಂದಿದ್ದ ಅತ್ತೆ ಹಂಪಮ್ಮ, ಗಂಡನನ್ನು ಕಳೆದುಕೊಂಡು ವರ್ಷಗಳಾದವಂತೆ. ನಮ್ಮ ಕ್ಲಿನಿಕ್ಕಿನ ಹಿಂದಿನ ಗಲ್ಲಿ ದಾಟಿದರೆ ಅವರ ತಗಡಿನ ಶೆಡ್ಡು.

ರೇಣುಕಾ ಪಟಪಟ ಓದಿಬಿಟ್ಟಳು. ಓದಿದಳು ಅಂತಲೇ ಬರೆಯುತ್ತೇನೆ. “ಇಕಿಗೆ ತಲಿ ಸಿಡಿಯಾಕತ್ತೈತಿ. ಇಲ್ಲಿ ಕಣ್ಣಿಗೆ ಮಬ್ಬು. ಕೈ ಮಾರಿ ಬಾತಾವು. ಆಮ್ಯಾಲ ದವಾಖಾನಿಗೆ ಹೊಂಟಾಳ. ಲಗೂನ ಹೊಂಟಾಳ.” ಶಭಾಷ್ ಅಂದೆ. ಹಂಪಮ್ಮ ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಮಾದರಿ ಕಾರ್ಡನ್ನು ಸೆರಗಿನ ತುದಿಯಲ್ಲಿ ಹಿಡಿದು ತೆಗೆದುಕೊಂಡಳು.

ಏನು ಬಿಂಕವೋ. ಚಿತ್ರ ಮಾತ್ರ ಗೆದ್ದಿತು, ಅಚ್ಚಿಗೆ ಕೊಟ್ಟೆವು.

ನವೆಂಬರ್ 16, ಶನಿವಾರ

ಮೈ ಉರಿಯುತ್ತಿದೆ.

ಕಾರ್ಡು ಹಾಕಿಕೊಂಡಿದ್ದಾರೋ ಇಲ್ಲವೋ ನೋಡೋಣ ಎಂದು ರೇಣುಕಾಳ ಶೆಡ್ಡಿಗೆ ಹೋದೆ. ಮೊಳೆ ಹೊಡೆದು ಹಾಕಿದ್ದಾರೆ, ಸರಿ. ಆದರೆ ತಿರುಗಿಸಿ! ನನಗೆ ಕಂಡದ್ದು ಬಿಳಿ ಬೆನ್ನು. ಚಿತ್ರದ ಮುಖ ತಗಡಿನ ಕಡೆಗೆ.

“ಯಾಕಮ್ಮ ಹೀಗೆ?” ಎಂದು ಕೇಳಿದೆ. ರೇಣುಕಾ ನೆಲ ನೋಡಿದಳು. ಹಂಪಮ್ಮ ಒಲೆಯ ಮುಂದಿನಿಂದಲೇ ಹೇಳಿದಳು.

“ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ಬೋಳ ಹಣಿ, ಬೋಳ ಕೊಳ್ಳು, ಕೈಯಾಗ ಒಂದು ಬಳಿ ಇಲ್ಲ. ಬಸರಾದಾಕಿನ್ನ ಹಿಂಗ ಬರೀತಾರೇನ್ರಿ? ಗಂಡ ಸತ್ತಾಕಿ ಕಂಡಂಗ ಕಾಣ್ತಾಳ. ಮುಂಜಾನಿ ಎದ್ದು ನನ್ನ ಸೊಸಿ ಇದರ ಮಾರಿ ನೋಡಬೇಕೇನು? ನಾನಽ ಅಕಿ ಎದುರಿಗೆ ಬರಂಗಿಲ್ಲ. ಅಕಿ ಎದ್ದು ಮಾರಿ ತೊಳಕೊಂಡ ಮ್ಯಾಲ ಒಳಗ ಬರತೀನಿ.”

“ಎಲ್ಲಿರ್ತೀಯ ಅಲ್ಲೀವರೆಗೆ?”

“ಹೊರಗ ಕುಂದರತೀನ್ರಿ, ಜಲ್ಲಿ ಗುಡ್ಡಿ ಮ್ಯಾಲ.”

ಈ ಚಳಿಯಲ್ಲಿ! ಸ್ವಂತ ಸೊಸೆಗೆ ತನ್ನ ಮುಖ ತೋರಿಸಬಾರದು ಎಂದು ಜಲ್ಲಿ ರಾಶಿಯ ಮೇಲೆ ಕೂರುವ ಹೆಂಗಸಿಗೆ ಏನು ಹೇಳುವುದು? ಬಾಯಿಗೆ ಬಂದದ್ದೆಲ್ಲ ಅಂದೆ. ಯಾವ ಕಾಲದಲ್ಲಿದ್ದೀಯಾ, ಮುಖದಿಂದ ಯಾರಿಗೂ ಏನೂ ಆಗುವುದಿಲ್ಲ, ಬಿ.ಪಿ.ಯಿಂದ ಆಗುತ್ತದೆ, ಸೊಸೆ ಬೇಕೋ ಬೇಡವೋ ನಿನಗೆ, ಅಂತೆಲ್ಲ. ಅವಳು ಚಹಾ ಕೊಟ್ಟಳು. ನಾನೇ ಕಾರ್ಡು ತಿರುಗಿಸಿ ಹಾಕಿ ಬಂದೆ. ನಾನು ಗಲ್ಲಿ ದಾಟುವಷ್ಟರಲ್ಲಿ ಮತ್ತೆ ತಿರುಗಿಸಿರುತ್ತಾಳೆ, ಗೊತ್ತು.

ನವೆಂಬರ್ 21, ಗುರುವಾರ

ಹಂಪಮ್ಮ ಒಬ್ಬಳೇ ಅಲ್ಲವಂತೆ. ಇನ್ನೂ ಕೆಲವರು ಕಾರ್ಡನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆಯೇ ಬಿಟ್ಟು ಹೋಗಿದ್ದಾರೆ. ಒಬ್ಬ ಮುಸ್ಲಿಂ ಹೆಂಗಸೂ, ಕರಿಮಣಿ ಇಲ್ಲ, ಬಳೆ ಇಲ್ಲ, ಇವಳು ಯಾವ ಮನೆಯವಳು ಅಂದಳಂತೆ. ಯಾವ ಗುರುತೂ ಇಲ್ಲದ ಹೆಂಗಸನ್ನು ಯಾರೂ ಮನೆಗೆ ಸೇರಿಸುವುದಿಲ್ಲ.

ಮಾನಸಾ ಮುಖ ಸಣ್ಣಗೆ ಮಾಡಿಕೊಂಡಳು. ಹೊಸದಾಗಿ ಅಚ್ಚು ಹಾಕಿಸುವುದು ಜನವರಿಯ ಮಾತು. “ಸದ್ಯಕ್ಕೆ ಪೆನ್ನಲ್ಲೇ ಒಂದು ಬೊಟ್ಟು ಇಟ್ರೆ ಆಗ್ಲಿಕ್ಕಿಲ್ವಾ ಮೇಡಂ?” ಅಂದಳು.

ಕಾರ್ಡುಗಳ ಕಟ್ಟನ್ನು ಮನೆಗೆ ತಂದೆ. ಕೆಂಪು ಪೆನ್ನು ತೆಗೆದೆ. ಒಂದು ಬೊಟ್ಟು, ಅಷ್ಟೇ, ಮಗು ಕೂಡ ಇಡುತ್ತದೆ. ಕೈ ಹೋಗಲಿಲ್ಲ. ಕಣ್ಣು ಉರಿ. ಈ ಟ್ಯೂಬ್‌ಲೈಟು ಬದಲಾಯಿಸಬೇಕು. ಕಟ್ಟು ಹಾಗೇ ಪದ್ಮನಾಭನ ಕುರ್ಚಿಯ ಮೇಲಿದೆ.

ನವೆಂಬರ್ 24, ಭಾನುವಾರ

ಸಿಂಚನಾಳ ಸೀಮಂತ ಇವತ್ತು, ಕೊಂಡಾಪುರದ ಅವಳ ಫ್ಲಾಟಿನಲ್ಲಿ. ನಾನು ಹೋಗಲಿಲ್ಲ. ನೆಗಡಿ. ಬಸುರಿಗೆ ಅಂಟಿದರೆ ಕಷ್ಟ. ಹಸಿರು ಸೀರೆಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದೆ.

ಮಧ್ಯಾಹ್ನ ಅವಳೇ ಫೋನು ಮಾಡಿದಳು. ತಂಗಿಯ ಮಗಳು ಅನ್ನುವುದು ಹೆಸರಿಗೆ, ಬೆಳೆದದ್ದು ನನ್ನ ಮಡಿಲಲ್ಲಿ. “ದೊಡ್ಡಮ್ಮ, ನಿಮ್ಮ ದನಿ ಕೇಳಿದ್ರೆ ನೆಗಡಿ ಇರೋ ಹಾಗಿಲ್ಲ” ಅಂದಳು. ಒಳಗೊಳಗೇ ಇದೆ ಕಣೆ ಅಂದೆ. ಹಿಂದೆ ಹೆಂಗಸರ ನಗು, ಬಳೆಗಳ ಸದ್ದು ಕೇಳುತ್ತಿತ್ತು. “ನಿಮಗೋಸ್ಕರ ಕಾಯ್ತಾ ಇದ್ದೆ” ಅಂದು ಇಟ್ಟಳು.

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಯಾರೋ ಒಂದು ಮಾತು ಅಂದು, ಆ ಹುಡುಗಿಯ ಮನಸ್ಸು ಕೆಡುವುದು ಯಾಕೆ? ಅಷ್ಟಕ್ಕೂ ನೆಗಡಿಯೇ ಇತ್ತಲ್ಲ.

ಡಿಸೆಂಬರ್ 3, ಮಂಗಳವಾರ

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಇವತ್ತು ರೇಣುಕಾ ತಪಾಸಣೆಗೆ ಬರುವ ದಿನ. ಬರಲಿಲ್ಲ. ಊಟದ ಹೊತ್ತಿಗೆ ಹೊರಗೆ ಗಲಾಟೆ. ಪಕ್ಕದ ಶೆಡ್ಡಿನ ಬಸಲಿಂಗಮ್ಮ ಆಟೋದಿಂದ ಇಳಿದು ಕೂಗುತ್ತಿದ್ದಳು. ಒಳಗೆ ರೇಣುಕಾ, ಬಾಯಲ್ಲಿ ನೊರೆ, ಕೈಕಾಲು ಸೆಟೆದುಕೊಂಡಿವೆ. ಫಿಟ್ಸು. ಕಾರ್ಡಿನಲ್ಲಿ ನಾನು ಬರೆಯದೆ ಬಿಟ್ಟ ಚಿತ್ರ ಅದೊಂದೇ. ಹೆದರಿಸಬಾರದು ಎಂದು ಬಿಟ್ಟಿದ್ದೆವು.

ಮಾನಸಾ ಓಡಿ ಬಂದು ಇಂಜೆಕ್ಷನ್ ಕೊಟ್ಟಳು, ಆಂಬುಲೆನ್ಸಿಗೆ ಹೇಳಿದಳು. ಸ್ಟ್ರೆಚರ್ ಏರಿಸುವಾಗ ನೋಡುತ್ತೇನೆ, ಹಂಪಮ್ಮ ರಸ್ತೆಯ ಆ ಬದಿಯಲ್ಲಿ ಕಂಬದ ಹಿಂದೆ ನಿಂತಿದ್ದಾಳೆ. ಆಟೋದಲ್ಲಿ ಕೂಡ ಕೂರದೆ ಹಿಂದೆ ಓಡಿಕೊಂಡು ಬಂದಿದ್ದಾಳೆ. ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದು ಗಾಡಿ ಹತ್ತಿಸಿದೆ.

ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ತಕ್ಷಣ ಆಪರೇಷನ್‌ಗೆ ಒಯ್ದರು. ಚನ್ನು ಪಟಾನ್‌ಚೆರುವಿನಲ್ಲಿ ಸ್ಲಾಬ್ ಹಾಕುವ ಕೆಲಸಕ್ಕೆ ಹೋಗಿದ್ದ. ಕಾಂಕ್ರೀಟು ನಡೆಯುವಾಗ ಯಾರೂ ಫೋನು ಎತ್ತುವುದಿಲ್ಲವಂತೆ. ಬಾಗಿಲ ಹೊರಗೆ ನಾನು, ಹಂಪಮ್ಮ.

“ಯಾವಾಗ ಶುರುವಾಯ್ತು?”

“ಮುಂಜಾನೆನಽ ರಿ. ತಲಿ ಒಡಿಯಾಕತ್ತೈತಿ ಅಂದ್ಲು. ಕಣ್ಣ ಮುಂದ ಬೆಂಕಿ ಕಿಡಿ ಕಾಣತಾವು ಅಂದ್ಲು.”

“ಚಿತ್ರ ತಿರುಗಿಸಿ ಹಾಕಿದ್ದೆಯಲ್ಲ, ಹೇಗೆ ತಿಳಿಯುತ್ತೆ ನಿನಗೆ!”

“ತಿಳೀತ್ರೀ” ಅಂದಳು ಹಂಪಮ್ಮ. “ಅವತ್ತ ದವಾಖಾನ್ಯಾಗ ನೋಡಿದ್ದೆ. ಒಮ್ಮಿ ನೋಡಿದ್ರ ಮರೆಯುವಂಥಾದ್ದಲ್ಲ ನಿಮ್ಮ ಚಿತ್ರ. ಅದರಾಗಿದ್ದಂಗಽ ಆಗಾಕತ್ತೈತಿ ಅಂತ ಎದಿ ಧಸಕ್ ಅಂತು.”

“ಮತ್ತೆ? ಗಲ್ಲಿ ದಾಟಿದ್ರೆ ನಾವಿದ್ದೀವಿ. ಕರ್ಕೊಂಡು ಬರೋಕೆ ಏನಾಗಿತ್ತು ನಿನಗೆ?”

ಅವಳು ನನ್ನನ್ನು ನೋಡಿದ ರೀತಿ ಮರೆಯಲಾರೆ. ಇದನ್ನೂ ಕೇಳಬೇಕೇ ಅನ್ನುವಂತೆ.

“ಹಡಿಯಾಕ ಹೊಂಟಾಕಿನ ಮುಂದ ನಾ ಹೆಂಗ ಹೋಗಲ್ರಿ ಅಕ್ಕಾರ? ಹೊಸ್ತಿಲ ದಾಟಸಾಕ ಮುತ್ತೈದಿ ಬೇಕಲ್ರಿ. ಎಲ್ಲಾರೂ ಕೆಲಸಕ್ಕ ಹೋಗಿದ್ರು. ಬಸಲಿಂಗಿ ಬರ್ತಾಳ, ಬರ್ತಾಳ ಅಂತ ಬಾಗಲದಾಗ ಕುಂತೆ. ದೇವರಿಗೆ ಕೈ ಮುಗಕೋತ ಕುಂತೆ.”

ಮುಂಜಾನೆಯಿಂದ ಮಧ್ಯಾಹ್ನದವರೆಗೆ! ಎಲ್ಲಾ ತಿಳಿದು, ಬಾಗಿಲಲ್ಲಿ ಕೂತು! ನಾನು ಕಿರುಚಾಡಿಬಿಟ್ಟೆ. ಆ ಕಾರಿಡಾರಿನ ಜನ ಎಲ್ಲ ತಿರುಗಿ ನೋಡುವ ಹಾಗೆ. “ನೀನೇ ಕೊಂದೆ” ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಅಂದಾಗಿತ್ತು. ಹಂಪಮ್ಮ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಚಿತ್ರದ ತಪ್ಪು ಅಂದುಕೊಂಡಿದ್ದೆ. ಚಿತ್ರ ಹೇಳಬೇಕಾದ್ದನ್ನೆಲ್ಲ ಹೇಳಿತ್ತು. ಈ ಹೆಂಗಸು ತನ್ನನ್ನು ತಾನೇ ಹಿಂದಕ್ಕೆ ತಳ್ಳಿಕೊಂಡು ಕೂತರೆ ಯಾವ ಚಿತ್ರ ಏನು ಮಾಡೀತು? ನಾನಾಗಿದ್ದರೆ ಹೀಗೆ ಕೂರುತ್ತಿದ್ದೆನೇ? ಸಿಂಚನಾಳದ್ದು ಬೇರೆ ವಿಷಯ. ಅವತ್ತು ನನಗೆ ನೆಗಡಿ.

ಡಿಸೆಂಬರ್ 4, ಬುಧವಾರ

ಹೆಣ್ಣು ಮಗು. ಒಂದು ಹಿಡಿ ಇದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ರೇಣುಕಾ ಕಣ್ಣು ಬಿಟ್ಟಿಲ್ಲ.

ಹಂಪಮ್ಮ ಏನೂ ತಿಂದಿಲ್ಲ. ನಾನೂ ಮಾತಾಡಿಸಲಿಲ್ಲ.

ಡಿಸೆಂಬರ್ 6, ಶುಕ್ರವಾರ

ರೇಣುಕಾ ನೀರು ಕೇಳಿದಳು! ಕಣ್ಣು ಇನ್ನೂ ಮಂಜು ಅನ್ನುತ್ತಾಳೆ. ಸರಿಹೋಗಬಹುದು ಅಂದರು ಡಾಕ್ಟರು. ಮಗುವಿನ ಬಗ್ಗೆ ಇನ್ನೂ ಏನೂ ಹೇಳುವ ಹಾಗಿಲ್ಲವಂತೆ.

ಒಳಗೆ ಒಬ್ಬರು ಬನ್ನಿ ಎಂದು ನರ್ಸ್ ಕರೆದಳು. ಚನ್ನು ಔಷಧಿ ತರಲು ಹೋಗಿದ್ದ. ಬೆಂಚಿನ ಮೇಲೆ ನಾವಿಬ್ಬರೇ. ಹಂಪಮ್ಮ ನನ್ನನ್ನು ನೋಡಿದಳು, ನಾನು ಹಂಪಮ್ಮನನ್ನು ನೋಡಿದೆ. ಇಬ್ಬರೂ ಏಳಲಿಲ್ಲ. ನಾನು ಸಂಬಂಧಿಕಳಲ್ಲವಲ್ಲ, ಅದಕ್ಕೆ. ಏನಮ್ಮಾ ನಿಮಗೆ ಕಾಲಿಲ್ಲವೇ ಎಂದು ನರ್ಸ್ ತೆಲುಗಿನಲ್ಲಿ ಬೈದು ಒಳಗೆ ಹೋದಳು.

ಆಮೇಲೆ ಹಂಪಮ್ಮ ಮೆಲ್ಲಗೆ ಕೇಳಿದಳು. “ಒಂದು ಮಾತು ಕೇಳಲೇನ್ರಿ? ಆ ಚಿತ್ರದಾಗಿನಾಕಿ ನೀವಽ ಅಲ್ಲೇನು?”

“ಅಲ್ಲ” ಅಂದೆ.

“ಮಾರಿ ನಿಮ್ಮದಽ ಐತಿ. ಅವತ್ತಽ ಗುರುತು ಹಿಡಿದೆ. ಹೆಂಗ ಹೇಳೂದು ಅಂತ ಸುಮ್ಮನಿದ್ದೆ. ಯಜಮಾನ್ರು ಹೋಗಿ ಭಾಳ ದಿನಾ ಆಗಿಲ್ಲೇನ್ರಿ?”

ಜುಲೈನಲ್ಲಿ ಅಂದೆ. ಅವಳು ನನ್ನ ಕೈಯನ್ನು ತನ್ನ ಒರಟು ಕೈಯಲ್ಲಿ ಹಿಡಿದುಕೊಂಡಳು. ಅವತ್ತು ಅಂದ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ತಂದಿದ್ದ ರೊಟ್ಟಿಯಲ್ಲಿ ಅರ್ಧ ಕೊಟ್ಟಳು, ತಿಂದೆ.

ಡಿಸೆಂಬರ್ 12, ಗುರುವಾರ

ಮಗು ಹಾಲು ಎಳೆಯುತ್ತಿದೆ. ಬದುಕೀತು ಅನ್ನುತ್ತಿದ್ದಾರೆ. ಬದುಕೀತು, ಅಷ್ಟೇ, ಅದರ ಮೇಲೆ ಒಂದು ಮಾತೂ ಇಲ್ಲ.

ನಾಲ್ಕು ದಿನದಿಂದ ಹೊಸ ಚಿತ್ರ ಬರೆಯುತ್ತಿದ್ದೆ. ಈ ಸಲ ಕನ್ನಡಿ ಬೇಡ ಅಂದುಕೊಂಡು ರೇಣುಕಾಳ ಮುಖ ಹಾಕಿದೆ. ಹಣೆಗೆ ಬೊಟ್ಟು, ಕೊರಳಿಗೆ ಕರಿಮಣಿ, ಕೈ ತುಂಬ ಹಸಿರು ಬಳೆ. ಸಲೀಸಾಗಿ ಬಂದವು. ಆದರೆ ಆಸ್ಪತ್ರೆಗೆ ಹೊರಟ ಕೊನೆಯ ಚಿತ್ರದಲ್ಲಿ ಅವಳು ಒಬ್ಬಳೇ ಇದ್ದಳು. ಕಣ್ಣು ಕಾಣದ ಹುಡುಗಿ ಒಬ್ಬಳೇ ಹೇಗೆ ಹೋಗುತ್ತಾಳೆ? ಹಿಂದಿನ ಕಾರ್ಡಿನಲ್ಲೂ ಒಬ್ಬಳನ್ನೇ ಕಳಿಸಿದ್ದೆ, ನನಗೆ ಹೊಳೆದೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬಳನ್ನು ಬರೆದೆ. ವಯಸ್ಸಾದವಳು. ಬೋಳು ಹಣೆ, ಬರಿಗೈ. ಹುಡುಗಿಯ ಮಣಿಕಟ್ಟು ಹಿಡಿದು ಒಂದು ಹೆಜ್ಜೆ ಮುಂದೆ ಇದ್ದಾಳೆ.

“ಇವರು ಯಾರು ಮೇಡಂ?” ಅಂದಳು ಮಾನಸಾ.

“ಕರ್ಕೊಂಡು ಬರೋರು.”

“ಬೊಟ್ಟು ಕರಿಮಣಿ ಬೇಡ ಅಂತಿತ್ತಲ್ವಾ...”

“ಮುಸ್ಲಿಮರಿಗೆ ಬೊಟ್ಟಿಲ್ಲದ್ದು ಇನ್ನೊಂದು ಬರೀತೀನಿ. ಎರಡು ಥರ ಅಚ್ಚು ಹಾಕಿಸಿ. ಈ ಮುದುಕಿಯನ್ನು ಮಾತ್ರ ಎರಡರಿಂದಲೂ ತೆಗೆಯೋಲ್ಲ” ಅಂದೆ. ದನಿ ಜಾಸ್ತಿಯಾಯಿತೇನೋ. ಅವಳು ಹೆದರಿ ಒಪ್ಪಿಕೊಂಡಳು, ಪಾಪ.

ಸಂಜೆ ಹಂಪಮ್ಮನಿಗೆ ತೋರಿಸಿದೆ. ನಿಯಮದ ಪ್ರಕಾರ ಏನೂ ಹೇಳಿಕೊಡಲಿಲ್ಲ, ಏನು ಕಾಣುತ್ತದೆ ಎಂದಷ್ಟೇ ಕೇಳಿದೆ. ತುಂಬ ಹೊತ್ತು ನೋಡಿದಳು. ಬೆರಳು ಮುದುಕಿಯ ಮೇಲೆ ಬಂದು ನಿಂತಿತು.

“ಇಕಿ ಮುಂದ ಹೊಂಟಾಳ.”

“ಹೌದು.”

“ಯಾರೂ ಏನೂ ಅನ್ನಲಿಲ್ಲೇನ್ರಿ ಇಕಿಗೆ?”

“ಅಂದಿರಬಹುದು. ನಿಲ್ಲಲಿಲ್ಲ ಅವಳು.”

ಹಂಪಮ್ಮ ಕಣ್ಣೊರೆಸಿಕೊಂಡಳು. “ನನಗೊಂದು ಕೊಡ್ರಿ” ಅಂದಳು.

ಡಿಸೆಂಬರ್ 29, ಭಾನುವಾರ

ಇವತ್ತು ತಾಯಿ ಮಗುವನ್ನು ಮನೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಆಟೋ ಗಲ್ಲಿಯ ಬಾಯಲ್ಲೇ ನಿಂತಿತು, ಅಲ್ಲಿಂದಾಚೆ ಜಲ್ಲಿ ಕಲ್ಲು. ಹಂಪಮ್ಮ ಮಗುವನ್ನು ಎತ್ತಿಕೊಂಡಿದ್ದಳು. ರೇಣುಕಾಳ ಕಣ್ಣು ಇನ್ನೂ ಪೂರ್ತಿ ಸರಿಯಿಲ್ಲ, ಮಗು ಹಿಡಿದು ನಡೆಯಲು ಹೆದರುತ್ತಾಳೆ. ಚನ್ನು ಗಂಟುಮೂಟೆ ಇಳಿಸುತ್ತಿದ್ದ. ಬಾಗಿಲಲ್ಲಿ ಆರತಿ ಎತ್ತಬೇಕಾದ ಬಸಲಿಂಗಮ್ಮನ ಪತ್ತೆಯಿಲ್ಲ. ಅವಳ ಶೆಡ್ಡಿಗೆ ಬೀಗ.

ಹೊಸ್ತಿಲ ಹತ್ತಿರ ಬಂದು ಹಂಪಮ್ಮ ನಿಂತುಬಿಟ್ಟಳು. ಮಗುವನ್ನು ನನ್ನ ಕಡೆ ಚಾಚಿದಳು. “ನೀವು ಒಯ್ಯಿರಿ ಅಕ್ಕಾರ.” ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಯಾಕೆ ಸರಿದೆನೋ, ಕಾಲು ತಾನಾಗಿ ಸರಿಯಿತು. ಅವಳು ಮುಂದೆ ಚಾಚುವುದು, ನಾನು ಹಿಂದೆ ಸರಿಯುವುದು. ಬಿಸಿಲು ಮಗುವಿನ ಮುಖಕ್ಕೆ ಬಿತ್ತು, ಅದು ರಾಗ ತೆಗೆಯಿತು.

“ಏ, ಏನ್ ಹಚ್ಚೀರಿ ಇಬ್ರೂ?” ರೇಣುಕಾ ಕೂಗಿದಳು. ಆ ಹುಡುಗಿ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. “ಬಸಲಿಂಗವ್ವನ ದಾರಿ ಕಾಯೂದು ಇನ್ನೂ ಮುಗಿದಿಲ್ಲೇನು ನಿಮಗ? ಒಮ್ಮಿ ಕಾದಿದ್ದು ಸಾಕಾಗಿಲ್ಲೇನು?”

ಹಂಪಮ್ಮನ ಮುಖ ಬಿಳಿಚಿಕೊಂಡಿತು. ಮಗುವನ್ನು ಎದೆಗೆ ಅವುಚಿಕೊಂಡಳು. ತಲೆಯ ಮೇಲೆ ಸೆರಗು ಹೊದ್ದು, ಹೊಸ್ತಿಲು ದಾಟಿ ಒಳಗೆ ನಡೆದಳು. ನಾನು ರೇಣುಕಾಳ ಮಣಿಕಟ್ಟು ಹಿಡಿದು, ಅವಳಿಗಿಂತ ಮುಂದಾಗಿ ಕಾಲಿಟ್ಟೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡಿದೆ. ನಾನು ಕೊಟ್ಟಿದ್ದ ಹೊಸ ಚಿತ್ರದ ಜೆರಾಕ್ಸ್ ಗೋಡೆಯ ಮೇಲಿತ್ತು, ಮುಖ ನಮ್ಮ ಕಡೆಗೆ. ಪಕ್ಕದಲ್ಲಿ ನನ್ನ ಹಳೆಯದೂ ಇತ್ತು. ಅದನ್ನೂ ಹಂಪಮ್ಮ ಮುಖ ಕಾಣುವಂತೆ ತಿರುಗಿಸಿ ಹಾಕಿದ್ದಳು.

ಚಹಾ ಕುಡಿದು ಬಂದೆ. ಮನೆಗೆ ಬಂದು ಕುರ್ಚಿಯ ಮೇಲಿನ ಕಟ್ಟನ್ನು ಎತ್ತಿ ಕೆಳಗಿಟ್ಟು, ಅಲ್ಲೇ ಕೂತು ಸಿಂಚನಾಗೆ ಫೋನು ಮಾಡಿದೆ. ಅವಳ ಹೆರಿಗೆಗೆ ಇನ್ನು ಹೆಚ್ಚು ದಿನವಿಲ್ಲ. ಗಂಡ ಊರಲ್ಲಿರಲಿ ಇಲ್ಲದಿರಲಿ, ನೋವು ಬಂದರೆ, ತಲೆ ಸಿಡಿದರೆ, ಯಾರಿಗೂ ಕಾಯಬೇಡ, ನನಗೆ ಮೊದಲು ಫೋನು ಮಾಡು, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಅಂದೆ. ಬೇಕಾದರೆ ನಾಳೆಯೇ ಬಂದು ಇರುತ್ತೇನೆ ಅಂದೆ.

“ನೆಗಡಿ ವಾಸಿಯಾಯ್ತಾ ದೊಡ್ಡಮ್ಮ?” ಅಂದಳು.

ಆಯಿತು ಅಂದೆ.